ಮೂರು ಸಾವಿರದ ಡಬ್ಬಿ, ಟಿವಿ ಮೇಲೆ ಆಟ

‘ಟಿವಿಗೆ ಹಾಕಿ ಆಡೋ ಆಂಡ್ರಾಯ್ಡ್ ಡಬ್ಬಿ ಮೂರು ಸಾವಿರದೊಳಗೆ ಯಾವುದು ಸಿಗ್ತದೆ?’

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ, ಏಪ್ರಿಲ್ ತಿಂಗಳು ಬಂತೆಂದರೆ ಎಲ್ಲರೂ ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಡುತ್ತಾರೆ. ಕೇಳುವವರು ಹುಡುಗರಷ್ಟೇ ಅಲ್ಲ. ಮುಳಬಾಗಿಲಿನಲ್ಲಿ ಅಂಗಡಿ ಇಟ್ಟಿರುವ ಮಾವ ಕೇಳುತ್ತಾರೆ, ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವ ಅಕ್ಕ ಕೇಳುತ್ತಾಳೆ. ಮಾವಿನ ಕಾಲಕ್ಕೆಂದು ಶ್ರೀನಿವಾಸಪುರಕ್ಕೆ ಬಂದ ಮೊಮ್ಮಕ್ಕಳು ನಾಲ್ಕು ಮೂಲೆಯಲ್ಲಿ ನಾಲ್ಕು ಫೋನ್ ಹಿಡಿದು ಕೂರುವುದನ್ನು ನೋಡಿ ಬೇಸತ್ತ ಅಜ್ಜಿಯೂ ಕೇಳುತ್ತಾರೆ.

ಮೂರು ಸಾವಿರ ರೂಪಾಯಿ ಎಂದರೆ ಎಷ್ಟು ದೊಡ್ಡ ಮೊತ್ತ ಎಂಬುದು ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಮೇಲೆ ನಿಂತಿದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್‌ನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಆಗಾದರೆ ಒಂದೂವರೆ ಬಾಕ್ಸ್ ಮಾರಿದರೆ ಸಾಕು. ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ವರ್ಷದಲ್ಲಿ ಇಡೀ ತೋಟದ ಒಂದು ಕೊಯ್ಲು ಮಾರಿದರೂ ಕೂಲಿ, ಬಾಡಿಗೆ ಕಳೆದು ಅಷ್ಟು ಉಳಿಯುವುದು ಕಷ್ಟ. ಪ್ಲೇಸ್ಟೇಷನ್ 5 ನಮ್ಮ ದೇಶದಲ್ಲಿ 2021ರ ಫೆಬ್ರುವರಿಯಲ್ಲಿ ಬಿಡುಗಡೆಯಾದಾಗ ಅದರ ಬೆಲೆ ₹49,990 ಇತ್ತು. ಆ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಆದ್ದರಿಂದಲೇ ಎಲ್ಲರ ಕಣ್ಣು ಆಂಡ್ರಾಯ್ಡ್ ಡಬ್ಬಿಗಳ ಮೇಲೆ. ಅದಕ್ಕೇ ಈ ಮೂರು ಸಾವಿರ ಹಾಳಾಗದಂತೆ ನೋಡಿಕೊಳ್ಳುವುದು ದೊಡ್ಡ ವಿಷಯ.

ಇನ್ನೊಂದು ಮಾತೂ ಇದೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಒಳ್ಳೆಯ ಫೋನ್ ಗಂಡುಹುಡುಗರ ಕೈಯಲ್ಲಿರುತ್ತದೆ. ತಂಗಿಗೆ ಅಮ್ಮನ ಫೋನ್, ಅದೂ ಚಾರ್ಜ್ ಉಳಿದಿದ್ದರೆ. ಟಿವಿ ಮಾತ್ರ ಹಾಲ್‌ನಲ್ಲಿ ಎಲ್ಲರಿಗೂ ಸೇರಿದ್ದು. ಅದಕ್ಕೆ ಎರಡು ಜಾಯ್‌ಸ್ಟಿಕ್ ಸೇರಿಸಿದರೆ ಎರಡನೆಯದು ಯಾರ ಕೈಗಾದರೂ ಹೋಗಲೇಬೇಕು. ನಾನು ಈ ಡಬ್ಬಿಗಳ ಪರ ಮಾತಾಡುವುದಕ್ಕೆ ಮುಖ್ಯ ಕಾರಣ ಇದು. ಆಟ ಆಡಿದರೆ ಬುದ್ಧಿ ಬೆಳೆಯುತ್ತದೆ ಎಂಬಂಥ ವಾದವೆಲ್ಲ ನನಗೆ ಬೇಡ.

ಮಾರುಕಟ್ಟೆಯಲ್ಲಿ ಒಂದೇ ಥರ ಕಾಣುವ, ಒಂದೇ ಹೆಸರಿನಲ್ಲಿ ಮಾರಾಟವಾಗುವ ಮೂರು ಬೇರೆ ಬೇರೆ ಸಾಮಾನುಗಳಿವೆ. ಗೊಂದಲವೆಲ್ಲ ಇಲ್ಲಿಂದಲೇ ಶುರು.

ಮೊದಲನೆಯದು ‘ಗೇಮ್ ಸ್ಟಿಕ್’. ಪೆನ್‌ಡ್ರೈವ್‌ಗಿಂತ ಸ್ವಲ್ಪ ದೊಡ್ಡದು, ಜತೆಗೆ ಎರಡು ವೈರ್‌ಲೆಸ್ ಜಾಯ್‌ಸ್ಟಿಕ್, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘4ಕೆ’, ‘10,000 ಗೇಮ್ಸ್’. ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಇದನ್ನೇ ಎಷ್ಟೋ ಜನ ಆಂಡ್ರಾಯ್ಡ್ ಗೇಮ್ ಎಂದು ಕೊಳ್ಳುತ್ತಾರೆ. ಆದರೆ ಇಂಥ ಹೆಚ್ಚಿನ ಸ್ಟಿಕ್‌ಗಳ ಒಳಗೆ ಆಂಡ್ರಾಯ್ಡ್ ಇರುವುದಿಲ್ಲ. ಲಿನಕ್ಸ್ ಆಧಾರದ ಒಂದು ಪುಟ್ಟ ವ್ಯವಸ್ಥೆ, ಹಳೆಯ ಗೇಮ್ ಯಂತ್ರಗಳಂತೆ ನಟಿಸುವ ಎಮ್ಯುಲೇಟರ್ ತಂತ್ರಾಂಶ, ಮತ್ತು ಮೆಮೊರಿ ಕಾರ್ಡ್‌ನಲ್ಲಿ ತುಂಬಿಟ್ಟ ಹಳೆಯ ಆಟಗಳು, ಇಷ್ಟೇ. ಪ್ಲೇ ಸ್ಟೋರ್ ಇಲ್ಲ, ಯೂಟ್ಯೂಬ್ ಇಲ್ಲ, ಹೊಸ ಆಟ ಹಾಕಿಕೊಳ್ಳುವ ದಾರಿಯೂ ಸುಲಭದ್ದಲ್ಲ. 4ಕೆ ಎಂಬುದು ಟಿವಿಗೆ ಹೋಗುವ ಸಿಗ್ನಲ್‌ನ ಹೆಸರು ಮಾತ್ರ. ನಲವತ್ತು ವರ್ಷ ಹಿಂದಿನ ಆಟದ ಚಿತ್ರ ಹಿಗ್ಗಿಸಿದರೆ ಚೌಕಗಳು ದೊಡ್ಡದಾಗುತ್ತವೆಯೇ ಹೊರತು ಚೆನ್ನಾಗುವುದಿಲ್ಲ.

ಹತ್ತು ಸಾವಿರದ ಲೆಕ್ಕ ಕೂಡ ತಮಾಷೆಯಾಗಿದೆ. ಸೂಪರ್ ಮಾರಿಯೊ ಬ್ರದರ್ಸ್‌ನ ಮೂಲ ಆಟದ ಗಾತ್ರ ಸುಮಾರು 40 ಕಿಲೊಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದು. ಅಂಥ ಹತ್ತು ಸಾವಿರ ಆಟ ತುಂಬಿದರೂ 400 ಮೆಗಾಬೈಟ್ ಆದೀತು, ಅಷ್ಟೆ. ಮೇಲಾಗಿ ಪಟ್ಟಿಯಲ್ಲಿ ಒಂದೇ ಆಟ ನಾಲ್ಕು ಹೆಸರಿನಲ್ಲಿ ಬರುತ್ತದೆ, ಜಪಾನಿ ಭಾಷೆಯದ್ದು ಬೇರೆ, ಅಮೆರಿಕದ್ದು ಬೇರೆ. ಒಂದೊಂದು ಆಟಕ್ಕೆ ಬರೀ ಹತ್ತು ನಿಮಿಷ ಕೊಟ್ಟರೂ, ದಿನಕ್ಕೊಂದು ಗಂಟೆಯಂತೆ ಎಲ್ಲ ಮುಗಿಸಲು ನಾಲ್ಕೂವರೆ ವರ್ಷ ಬೇಕು. ಈ ಲೆಕ್ಕವನ್ನು ಮಾವನಿಗೆ ಹೇಳಿದರೆ ನಕ್ಕುಬಿಟ್ಟರು. ಅವರ ಕಾಲದ ಕ್ಯಾಸೆಟ್ ಮೇಲೂ ‘9999 ಇನ್ 1’ ಎಂದು ಬರೆದಿರುತ್ತಿತ್ತಂತೆ, ಒಳಗೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳೇ 90ರ ದಶಕದಲ್ಲಿ ನಮ್ಮ ಊರುಗಳ ಸಂತೆ, ಜಾತ್ರೆ, ಫ್ಯಾನ್ಸಿ ಸ್ಟೋರ್‌ಗಳಿಗೆ ‘ವಿಡಿಯೊ ಗೇಮ್’ ಹೆಸರಿನಲ್ಲಿ ಬಂದದ್ದು. ಮಾರುವ ಜಾಣ್ಮೆ ಮೂವತ್ತು ವರ್ಷದಲ್ಲಿ ಬದಲಾಗಿಲ್ಲ.

ಹಾಗೆಂದು ಗೇಮ್ ಸ್ಟಿಕ್ ಬರೀ ಮೋಸ ಎಂದು ನಾನು ಹೇಳಲಾರೆ. ಕಾಂಟ್ರಾ ಆಡುವಾಗ ಮಾವನ ಮುಖದಲ್ಲಿ ಕಾಣುವ ಖುಷಿಗೆ ಬೆಲೆ ಕಟ್ಟಲಾಗದು. ಜಾಯ್‌ಸ್ಟಿಕ್ ಎರಡೂ ಜತೆಗೇ ಬರುತ್ತವೆ, ಇಂಟರ್‌ನೆಟ್ ಬೇಡ, ಹಾಕಿದ ಐದು ನಿಮಿಷಕ್ಕೆ ಆಟ ಶುರು. ಆದರೆ ಅದರಲ್ಲಿರುವ ಆಟಗಳಿಗೆ ತಯಾರಿಸಿದವರಿಗೆ ಒಂದು ಪೈಸೆಯೂ ಹೋಗಿಲ್ಲ, ಮಾರಿಯೊದ ಹಕ್ಕು ಇಂದಿಗೂ ನಿಂಟೆಂಡೊ ಬಳಿಯೇ ಇದೆ. ಕೊಳ್ಳುವವರಿಗೆ ಇದು ಗೊತ್ತಿರಲಿ. ಜತೆಗೆ ಬರುವ ಅಗ್ಗದ ಮೆಮೊರಿ ಕಾರ್ಡ್ ಕೈಕೊಟ್ಟರೆ ಹತ್ತು ಸಾವಿರ ಆಟವೂ ಒಟ್ಟಿಗೇ ಹೋಗುತ್ತದೆ.

ಎರಡನೆಯದು ಹೆಸರಿಲ್ಲದ, ಅಥವಾ ಒಂದೆರಡು ಅಕ್ಷರ ಮತ್ತು ಅಂಕಿಯನ್ನೇ ಹೆಸರು ಮಾಡಿಕೊಂಡ ಆಂಡ್ರಾಯ್ಡ್ ಬಾಕ್ಸ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಲುಸಾಲಾಗಿ ಇರುತ್ತವೆ, ಆನ್‌ಲೈನ್‌ನಲ್ಲಂತೂ ಲೆಕ್ಕವಿಲ್ಲ. ಬಂಗಾರಪೇಟೆ, ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು ಊರಿನವರಿಗೆಲ್ಲ ತಂದುಕೊಡುವ ಸಾಮಾನುಗಳಲ್ಲಿ ಇದೂ ಒಂದು. ‘8ಕೆ’, ‘8 ಜಿಬಿ ರ‍್ಯಾಮ್’, ‘128 ಜಿಬಿ’, ‘ಆಂಡ್ರಾಯ್ಡ್ 13’, ಬೆಲೆ ಎರಡೂವರೆ ಸಾವಿರ. ಅಷ್ಟು ರ‍್ಯಾಮ್ ಇರುವ ಫೋನಿಗೆ ಹತ್ತು ಸಾವಿರ ಮೀರುತ್ತದೆ ಎಂಬುದು ನೆನಪಿದ್ದರೆ ಇಲ್ಲೇ ಅನುಮಾನ ಬರಬೇಕು. ಇಂಥವುಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟವನ್ನೇ ತಯಾರಕರು ತಿದ್ದಿರುವುದು ಉಂಟು. ಅಲ್ಲಿ ಕಾಣುವ ಅಂಕಿ ನಂಬುವಂಥದ್ದಲ್ಲ. ಹಾರ್ಡ್‌ವೇರ್ ವಿವರ ತೋರಿಸುವ ಸಿಪಿಯು-ಝಡ್‌ನಂಥ ಆ್ಯಪ್ ಹಾಕಿ ನೋಡಿದರೆ ಒಳಗಿನ ಚಿಪ್ ಯಾವುದು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಸ್ಟೋರೇಜ್ ಪರೀಕ್ಷೆಗೆ ಇನ್ನೂ ಸುಲಭದ ದಾರಿ: ಪೆನ್‌ಡ್ರೈವ್‌ನಿಂದ ದೊಡ್ಡ ಸಿನಿಮಾ ಫೈಲ್‌ಗಳನ್ನು ಒಂದೊಂದಾಗಿ ತುಂಬುತ್ತ ಹೋಗಿ, ಮೊದಲು ಹಾಕಿದ್ದು ಕೊನೆಗೂ ಓಡುತ್ತದೆಯೇ ನೋಡಿ.

ಆಟ ನಿಧಾನವಾದರೆ ಸಹಿಸಬಹುದು, ಇದರ ದೊಡ್ಡ ತೊಂದರೆ ಬೇರೆ. 2023ರ ಜನವರಿಯಲ್ಲಿ ಕೆನಡಾದ ತಂತ್ರಜ್ಞರೊಬ್ಬರು ತಾವು ಕೊಂಡ ಟಿ95 ಎಂಬ ಅಗ್ಗದ ಬಾಕ್ಸ್‌ನಲ್ಲಿ, ಡಬ್ಬಿ ಒಡೆಯುವ ಮೊದಲೇ ದುರುದ್ದೇಶದ ತಂತ್ರಾಂಶ ಕೂತಿರುವುದನ್ನು ಕಂಡುಹಿಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹ್ಯೂಮನ್ ಸೆಕ್ಯುರಿಟಿ ಎಂಬ ಸಂಸ್ಥೆ ಇಂಥ ಬಾಕ್ಸ್‌ಗಳ ಒಂದು ದೊಡ್ಡ ಜಾಲವನ್ನೇ ಬಯಲಿಗೆಳೆದು ಅದಕ್ಕೆ ‘ಬ್ಯಾಡ್‌ಬಾಕ್ಸ್’ ಎಂದು ಹೆಸರಿಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಡಾಕ್ಟರ್ ವೆಬ್ ಸಂಸ್ಥೆ, 197 ದೇಶಗಳ ಸುಮಾರು 13 ಲಕ್ಷ ಟಿವಿ ಬಾಕ್ಸ್‌ಗಳಲ್ಲಿ ಇನ್ನೊಂದು ಕಳ್ಳ ತಂತ್ರಾಂಶ ಸೇರಿಕೊಂಡಿದೆ ಎಂದು ವರದಿ ಮಾಡಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟದ್ದೂ ಇದೇ ಕಾರಣಕ್ಕೆ.

ನಮ್ಮ ಮನೆಯ ಡಬ್ಬಿಯಿಂದ ಅವರಿಗೇನು ಲಾಭ ಎಂದು ಅಣ್ಣ ಕೇಳಿದ. ಅವರಿಗೆ ಬೇಕಿರುವುದು ಬಹುತೇಕ ನಮ್ಮ ಇಂಟರ್‌ನೆಟ್ ವಿಳಾಸ. ನಾವು ಮಲಗಿರುವಾಗ ಡಬ್ಬಿ ತನ್ನ ಪಾಡಿಗೆ ಯಾವುದೋ ಜಾಹೀರಾತುಗಳನ್ನು ಒತ್ತುತ್ತಿರುತ್ತದೆ, ಯಾರೋ ಎಲ್ಲಿಂದಲೋ ಮಾಡುವ ಕಳ್ಳ ವ್ಯವಹಾರಕ್ಕೆ ನಮ್ಮ ಮನೆಯ ವೈಫೈ ಬಾಗಿಲಾಗುತ್ತದೆ. ನಾಳೆ ಯಾರಾದರೂ ಜಾಡು ಹಿಡಿದು ಬಂದರೆ ಸಿಗುವುದು ಅಪ್ಪನ ಹೆಸರಿನಲ್ಲಿರುವ ಸಂಪರ್ಕ. ಅದೇ ವೈಫೈಗೆ ಅಮ್ಮನ ಫೋನ್ ಕೂಡ ಸೇರಿಕೊಂಡಿರುತ್ತದೆ, ಆ ಫೋನಿನಲ್ಲೇ ಡೇರಿಯ ದುಡ್ಡು ಬರುವ ಬ್ಯಾಂಕ್ ಖಾತೆಯ ಆ್ಯಪ್ ಇರುತ್ತದೆ. ಅಂಗಡಿಯವರು ‘ಎಲ್ಲಾ ಓಡ್ತದೆ’ ಎನ್ನುವುದು ನಿಜವೇ, ಓಡಬಾರದ್ದೂ ಓಡುತ್ತಿರುತ್ತದೆ.

ಆದ್ದರಿಂದ ಉಳಿಯುವುದು ಮೂರನೆಯದು: ಗೂಗಲ್ ಮಾನ್ಯತೆ ಪಡೆದ ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಸಾಧನ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್ ಒಳಗೆ ‘ಅಬೌಟ್’ನಲ್ಲಿ ಅದು ಪ್ಲೇ ಪ್ರೊಟೆಕ್ಟ್ ಮಾನ್ಯತೆ ಪಡೆದಿದೆಯೇ ಎಂದು ಬರೆದಿರುತ್ತದೆ. ಇನ್ನೂ ಸರಳವಾದ ಗುರುತು ಅದರ ಮುಖಪುಟ. ಹೆಸರಿಲ್ಲದ ಬಾಕ್ಸ್‌ಗಳಲ್ಲಿ ಹೆಚ್ಚಿನವು ಫೋನಿನ ಆಂಡ್ರಾಯ್ಡ್ ಅನ್ನೇ ಟಿವಿಗೆ ಎಳೆದು ತಂದಿರುತ್ತವೆ, ರಿಮೋಟ್‌ನಲ್ಲಿ ಮೌಸ್‌ನ ಬಾಣ ಓಡಿಸಬೇಕಾಗುತ್ತದೆ. ಅದು ಕಂಡರೆ ವಾಪಸು ಇಟ್ಟುಬಿಡಿ.

ಆಂಡ್ರಾಯ್ಡ್‌ನಲ್ಲಿ ಓಡುವ ಅಗ್ಗದ ಟಿವಿ ಗೇಮ್ ಯಂತ್ರ ಎಂಬ ಆಸೆ ಹೊಸದೇನಲ್ಲ. 2012ರ ಜುಲೈನಲ್ಲಿ ಜೂಲಿ ಉರ್ಮನ್ ಎಂಬ ಅಮೆರಿಕದ ಮಹಿಳೆ ‘ಊಯಾ’ ಎಂಬ 99 ಡಾಲರ್‌ನ ಪುಟ್ಟ ಯಂತ್ರ ಮಾಡುವುದಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದಲೇ ದುಡ್ಡು ಕೇಳಿದರು. 63 ಸಾವಿರಕ್ಕೂ ಹೆಚ್ಚು ಜನ ಸೇರಿ 85 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. ಯಾರು ಬೇಕಾದರೂ ಅದಕ್ಕೆ ಆಟ ಬರೆಯಬಹುದು, ಪ್ರತಿ ಆಟವನ್ನೂ ಸ್ವಲ್ಪವಾದರೂ ಪುಕ್ಕಟೆ ಆಡಿ ನೋಡಬಹುದು ಎಂಬುದು ಅದರ ಮಾತಾಗಿತ್ತು. 2013ರ ಜೂನ್‌ನಲ್ಲಿ ಅಂಗಡಿಗೆ ಬಂತು. ಒಳಗಿದ್ದದ್ದು 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್, ಆಗಲೇ ಫೋನ್‌ಗಳಲ್ಲಿ ಹಳತಾಗುತ್ತಿದ್ದ ಟೆಗ್ರಾ 3 ಚಿಪ್. ಜಾಯ್‌ಸ್ಟಿಕ್ ಸರಿಯಿಲ್ಲ ಎಂಬ ದೂರು, ದುಡ್ಡು ಕೊಟ್ಟು ಕೊಳ್ಳುವಂಥ ಆಟಗಳ ಕೊರತೆ ಎರಡೂ ಸೇರಿದವು. 2015ರಲ್ಲಿ ರೇಜರ್ ಕಂಪನಿ ಅದನ್ನು ಕೊಂಡಿತು, 2019ರ ಜೂನ್‌ನಲ್ಲಿ ಸರ್ವರ್ ಮುಚ್ಚಿತು. ಅಂದಿನಿಂದ ಅದರ ಅಂಗಡಿ ತೆರೆಯುವುದಿಲ್ಲ. ಖರೀದಿಯನ್ನು ಸರ್ವರ್ ಜತೆ ಪರಿಶೀಲಿಸುತ್ತಿದ್ದ ಆಟಗಳು, ದುಡ್ಡು ಕೊಟ್ಟು ಕೊಂಡವರಿಗೇ ಬಾಗಿಲು ಹಾಕಿದವು.

ಊಯಾ ನಮ್ಮ ಜಿಲ್ಲೆಗೆ ಬಂದಿರಲಿಕ್ಕಿಲ್ಲ. ಆದರೂ ಕೊಳ್ಳುವ ಮುನ್ನ ಅದರ ಕಥೆಯಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಡಬ್ಬಿ ಮಾಡಿದವರು ನಾಳೆ ಅಂಗಡಿ ಮುಚ್ಚಿದರೆ ಇದರಲ್ಲಿ ಏನು ಉಳಿಯುತ್ತದೆ? ಗೂಗಲ್ 2014ರ ಜೂನ್‌ನಲ್ಲಿ ಪ್ರಕಟಿಸಿದ ಆಂಡ್ರಾಯ್ಡ್ ಟಿವಿಯ ಅನುಕೂಲ ಇಲ್ಲಿದೆ. ಡಬ್ಬಿ ಯಾರದಾದರೂ ಆಗಲಿ, ಆಟ ನಮ್ಮ ಗೂಗಲ್ ಖಾತೆಗೆ ಸೇರಿರುತ್ತದೆ. ಡಬ್ಬಿ ಕೆಟ್ಟರೆ ಇನ್ನೊಂದು ಕಂಪನಿಯದ್ದು ತಂದು ಅದೇ ಖಾತೆ ಹಾಕಿದರೆ ಕೊಂಡ ಆಟ ಮತ್ತೆ ಸಿಗುತ್ತದೆ. ಗೂಗಲ್ ಏನೂ ಧರ್ಮಛತ್ರವಲ್ಲ. ಅದರ ‘ಸ್ಟೇಡಿಯಾ’ ಎಂಬ ಗೇಮ್ ಸೇವೆ ನಮ್ಮ ದೇಶಕ್ಕೆ ಬರುವ ಮೊದಲೇ 2023ರ ಜನವರಿಯಲ್ಲಿ ಮುಚ್ಚಿತು. ಆದರೆ ಪ್ಲೇ ಸ್ಟೋರ್ ನಾಳೆಗೆ ಮುಚ್ಚುವ ಅಂಗಡಿಯಲ್ಲ.

ಇನ್ನು ಅಮೆಜಾನ್‌ನ ಫೈರ್ ಟಿವಿ ಸ್ಟಿಕ್. 2017ರ ಏಪ್ರಿಲ್‌ನಲ್ಲಿ ₹3,999ಕ್ಕೆ ನಮ್ಮ ದೇಶಕ್ಕೆ ಬಂದದ್ದು. ಅದರ ಫೈರ್ ಓಎಸ್ ಒಳಗೆ ಆಂಡ್ರಾಯ್ಡ್ ಇದ್ದರೂ ಅಂಗಡಿ ಮಾತ್ರ ಅಮೆಜಾನ್‌ನದ್ದು, ಪ್ಲೇ ಸ್ಟೋರ್‌ನಲ್ಲಿ ಕೊಂಡ ಆಟ ಅಲ್ಲಿಗೆ ಬರುವುದಿಲ್ಲ. 2025ರಲ್ಲಿ ಬಂದ ಫೈರ್ ಟಿವಿ ಸ್ಟಿಕ್ 4ಕೆ ಸೆಲೆಕ್ಟ್‌ನಲ್ಲಿ ಆಂಡ್ರಾಯ್ಡೇ ಇಲ್ಲ, ‘ವೇಗಾ’ ಎಂಬ ಅಮೆಜಾನ್‌ನದೇ ವ್ಯವಸ್ಥೆ. ಹೊರಗಿನಿಂದ ನೋಡಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಡಬ್ಬಿ ಮೇಲಿನ ಹೆಸರನ್ನು ಪೂರ್ತಿ ಓದಿ.

ಈಗ ಹುಡುಗರಿಗೆ ಬೇಸರವಾಗುವ ಸಂಗತಿ. ಮಾನ್ಯತೆ ಪಡೆದ ಡಬ್ಬಿ ತಂದು, ಖಾತೆ ಹಾಕಿ, ಬಿಜಿಎಂಐ ಎಂದು ಹುಡುಕಿದರೆ ಸಿಗುವುದಿಲ್ಲ. ಫ್ರೀ ಫೈರ್ ಕೂಡ ಅಷ್ಟೆ. ಟಿವಿಯ ಪ್ಲೇ ಸ್ಟೋರ್, ಬೆರಳಿನಿಂದ ಮುಟ್ಟಿಯೇ ಆಡಬೇಕಾದ ಆಟಗಳನ್ನು ತೋರಿಸುವುದಿಲ್ಲ. ಟಿವಿಗೆ ಟಚ್ ಇಲ್ಲವಲ್ಲ. ರಿಮೋಟ್ ಅಥವಾ ಜಾಯ್‌ಸ್ಟಿಕ್‌ನಿಂದ ಆಡಬಹುದು ಎಂದು ಆಟ ತಯಾರಿಸಿದವರೇ ಹೇಳಿಕೊಂಡಿದ್ದರೆ ಮಾತ್ರ ಅದು ಪಟ್ಟಿಯಲ್ಲಿ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಎಪಿಕೆ ತಂದು ತುರುಕುವ ಪ್ರಯತ್ನವನ್ನು ನಮ್ಮ ಬೀದಿಯ ಹುಡುಗರು ಮಾಡದೇ ಬಿಟ್ಟಿಲ್ಲ. ಆಟ ತೆರೆದರೂ ಗುರಿ ಇಡುವುದು, ಓಡುವುದು, ಗುಂಡು ಹಾರಿಸುವುದು ಮೂರನ್ನೂ ಒಂದು ಬಾಣದಲ್ಲಿ ಮಾಡಲು ಆಗುವುದಿಲ್ಲ. ಫೋನಿನ ಪರದೆಯನ್ನೇ ಟಿವಿಗೆ ಕ್ಯಾಸ್ಟ್ ಮಾಡಿದರೆ ಚಿತ್ರ ಅರೆಕ್ಷಣ ತಡವಾಗಿ ಬರುತ್ತದೆ, ಅಷ್ಟರಲ್ಲಿ ಎದುರಾಳಿ ಮುಗಿಸಿರುತ್ತಾನೆ. ತಂತಿ ಹಾಕಿ ನೋಡೋಣವೆಂದರೆ ಅಗ್ಗದ ಫೋನ್‌ಗಳ ಟೈಪ್-ಸಿ ಕಿಂಡಿಯಿಂದ ಸಾಮಾನ್ಯವಾಗಿ ವಿಡಿಯೊ ಹೊರಗೆ ಬರುವುದೇ ಇಲ್ಲ, ಚಾರ್ಜ್ ಆಗುತ್ತದೆ ಅಷ್ಟೆ. ಹೀಗಾಗಿ ಬಿಜಿಎಂಐಗಾಗಿಯೇ ಡಬ್ಬಿ ಕೊಳ್ಳುವ ಯೋಚನೆಯಿದ್ದರೆ ದುಡ್ಡು ಉಳಿಸಿಕೊಳ್ಳಿ.

ಹಾಗಾದರೆ ಏನು ಸಿಗುತ್ತದೆ? ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಎರಡೇ ಆಟ. ಒಂದು ‘ಬಾಂಬ್‌ಸ್ಕ್ವಾಡ್’. ಗೊಂಬೆಯಂಥ ಮನುಷ್ಯರು ಒಬ್ಬರ ಮೇಲೊಬ್ಬರು ಬಾಂಬ್ ಎಸೆದು ಕಟ್ಟೆಯಿಂದ ಬೀಳಿಸುವ ಆಟ. ಎಂಟು ಜನ ಒಟ್ಟಿಗೆ ಆಡಬಹುದು. ಇದರ ದೊಡ್ಡ ಗುಣವೆಂದರೆ ಜಾಯ್‌ಸ್ಟಿಕ್ ಇಲ್ಲದಿದ್ದರೂ ನಡೆಯುತ್ತದೆ. ಬಾಂಬ್‌ಸ್ಕ್ವಾಡ್ ರಿಮೋಟ್ ಎಂಬ ಆ್ಯಪ್ ಹಾಕಿಕೊಂಡರೆ, ಅದೇ ವೈಫೈನಲ್ಲಿರುವ ಫೋನೇ ಜಾಯ್‌ಸ್ಟಿಕ್ ಆಗುತ್ತದೆ. ನಾಲ್ಕು ಮೂಲೆಯ ನಾಲ್ಕು ಫೋನ್ ಒಂದೇ ಪರದೆಯ ಮುಂದೆ ಬಂದು ಕೂರುವುದನ್ನು ನೋಡಬೇಕೆಂದರೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಇನ್ನೊಂದು ‘ಬೀಚ್ ಬಗ್ಗಿ ರೇಸಿಂಗ್’, ಕಾರಿನ ಓಟ. ಟಿವಿಯ ಪರದೆಯನ್ನು ಹಂಚಿಕೊಂಡು ನಾಲ್ವರವರೆಗೆ ಆಡಬಹುದು. ಆದರೆ ಹಂಚಿಕೊಂಡು ಆಡುವ ಸೌಲಭ್ಯಕ್ಕೆ ದುಡ್ಡು ಕಟ್ಟಬೇಕು. ಪುಕ್ಕಟೆ ಎಂದು ಡೌನ್‌ಲೋಡ್ ಮಾಡಿ ಇಬ್ಬರು ಆಡಲು ಕೂತಾಗ ಅದು ಹೇಳುತ್ತದೆ, ಮೊದಲೇ ತಿಳಿದಿರಲಿ.

ಇಂಥ ಆಟಗಳಿಗೆ ಭಾರೀ ಡಬ್ಬಿ ಬೇಕಿಲ್ಲ. ಶಿಯೋಮಿಯ ಮಿ ಬಾಕ್ಸ್ 4ಕೆ 2020ರ ಮೇನಲ್ಲಿ ₹3,499ಕ್ಕೆ ಬಂದಿತ್ತು, 2 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಮಿ ಟಿವಿ ಸ್ಟಿಕ್ ₹2,799, ರ‍್ಯಾಮ್ 1 ಜಿಬಿ. ಏಳುನೂರು ರೂಪಾಯಿಯ ವ್ಯತ್ಯಾಸ. ಸಿನಿಮಾ ನೋಡಲು ಎರಡೂ ಸರಿ, ಆಟಕ್ಕೆ ಆ ಏಳುನೂರು ಕೊಟ್ಟು 2 ಜಿಬಿಯದ್ದನ್ನೇ ತರಬೇಕು. ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ಇದೇ ಮಾತು. ಬಾಕ್ಸ್‌ಗೆ ಯುಎಸ್‌ಬಿ ಕಿಂಡಿ ಇರುತ್ತದೆ, ತಂತಿಯ ಜಾಯ್‌ಸ್ಟಿಕ್‌ನ್ನು ನೇರ ಚುಚ್ಚಬಹುದು. ಸ್ಟಿಕ್‌ಗಳಿಗೆ ಸಾಮಾನ್ಯವಾಗಿ ಅದು ಇಲ್ಲ, ಬ್ಲೂಟೂತ್ ಜಾಯ್‌ಸ್ಟಿಕ್ಕೇ ಬೇಕು ಇಲ್ಲವೇ ಒಟಿಜಿ ಹಬ್ ಕೊಳ್ಳಬೇಕು. 8 ಜಿಬಿ ಎಂದರೆ ವ್ಯವಸ್ಥೆಯದ್ದೇ ಅರ್ಧದಷ್ಟು ಹೋಗುತ್ತದೆ, ಉಳಿದ ಜಾಗಕ್ಕೆ ನಾಲ್ಕಾರು ಆಟ. ಸಾಕು, ಹತ್ತು ಸಾವಿರ ಯಾರಿಗೆ ಬೇಕು?

ಅದಕ್ಕೂ ಮುಂಚೆ ಮನೆಯಲ್ಲಿರುವುದನ್ನೇ ಒಮ್ಮೆ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಕೊಂಡ 32 ಇಂಚಿನ ಎಷ್ಟೋ ಟಿವಿಗಳು ತಾವೇ ಆಂಡ್ರಾಯ್ಡ್ ಟಿವಿಗಳು. ಗೋಡೆಯ ಮೇಲೆ ಡಬ್ಬಿ ಆಗಲೇ ಇದೆ, ಅದರ ಮೇಲೆ ಇನ್ನೊಂದು ಡಬ್ಬಿ ಕೊಳ್ಳಲು ಹೊರಟಿರುತ್ತಾರೆ. ಟಿವಿ ಹಳೆಯದಾದರೂ ಏರ್‌ಟೆಲ್ ಎಕ್ಸ್‌ಸ್ಟ್ರೀಮ್‌ನಂಥ ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದು ಆಂಡ್ರಾಯ್ಡ್ ಟಿವಿಯೇ. ಜಿಯೊದವರ ಸೆಟ್‌ಟಾಪ್ ಬಾಕ್ಸ್‌ನಲ್ಲೂ ಆಟಗಳ ಆ್ಯಪ್ ಇದೆ. ಹಾಗಿದ್ದಲ್ಲಿ ಮೂರು ಸಾವಿರವನ್ನು ಪೂರ್ತಿ ಜಾಯ್‌ಸ್ಟಿಕ್‌ಗೆ ಹಾಕಬಹುದು. ಮುಳಬಾಗಿಲಿನ ಮಾವನ ಮನೆಯಲ್ಲಿ ಆದದ್ದು ಇದೇ. ಡಬ್ಬಿ ಕೊಳ್ಳಲು ಇಟ್ಟಿದ್ದ ದುಡ್ಡಿನಲ್ಲಿ ಎರಡು ಒಳ್ಳೆಯ ಜಾಯ್‌ಸ್ಟಿಕ್ ಬಂದವು, ಮಿಕ್ಕಿದ್ದರಲ್ಲಿ ಮಕ್ಕಳಿಗೆಲ್ಲ ದೋಸೆ.

ಕ್ಲೌಡ್ ಗೇಮಿಂಗ್ ಇದೆಯಲ್ಲ, ಡಬ್ಬಿ ದುರ್ಬಲವಾದರೂ ಆಟ ದೂರದ ಕಂಪ್ಯೂಟರ್‌ನಲ್ಲಿ ಓಡುತ್ತದಲ್ಲ ಎನ್ನುವವರಿಗೆ ಒಂದು ಲೆಕ್ಕ. ಸೆಕೆಂಡಿಗೆ 10 ಮೆಗಾಬಿಟ್‌ನಂತೆ ಚಿತ್ರ ಹರಿದು ಬಂದರೆ ಗಂಟೆಗೆ ನಾಲ್ಕೂವರೆ ಜಿಬಿ ಡೇಟಾ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಅರ್ಧ ಗಂಟೆಯೊಳಗೆ ಖಾಲಿ. ಮನೆಗೆ ಫೈಬರ್ ಬಂದಿದ್ದರೆ ನೋಡಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಬೆಟ್ಟದ ಮರೆಯ ಹಳ್ಳಿಯಲ್ಲಿ, ಗುಂಡಿ ಒತ್ತಿದ್ದಕ್ಕೂ ಕಾರು ತಿರುಗುವುದಕ್ಕೂ ನಡುವೆ ಒಂದು ಉಸಿರು ಎಳೆದುಕೊಳ್ಳಬಹುದು.

ದುಡ್ಡು ಸುರಿಯಬೇಕಾದ ಜಾಗ ಜಾಯ್‌ಸ್ಟಿಕ್. ಡಬ್ಬಿಯನ್ನು ದಿನವೂ ಯಾರೂ ಮುಟ್ಟುವುದಿಲ್ಲ, ಇದನ್ನು ಮಕ್ಕಳು ಕೈಯಲ್ಲಿ ಹಿಂಡುತ್ತಾರೆ, ಬೀಳಿಸುತ್ತಾರೆ, ಸೋತಾಗ ಎಸೆಯುತ್ತಾರೆ. ರೆಡ್‌ಗಿಯರ್, ಕಾಸ್ಮಿಕ್ ಬೈಟ್, ಆಮ್ಕೆಟ್‌ನ ಇವೊಫಾಕ್ಸ್, ಇವೆಲ್ಲ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವ ಹೆಸರುಗಳು. ಸಾವಿರದಿಂದ ಎರಡು ಸಾವಿರದೊಳಗೆ ಬರುತ್ತವೆ. ಡಬ್ಬಿಯ ಮೇಲೆ ಬರೀ ‘ಪಿಸಿ’ ಎಂದಿದ್ದರೆ ಬಿಡಿ, ಆಂಡ್ರಾಯ್ಡ್ ಅಥವಾ ಆಂಡ್ರಾಯ್ಡ್ ಟಿವಿ ಎಂದು ಸ್ಪಷ್ಟವಾಗಿ ಬರೆದಿರಬೇಕು. ನನ್ನ ಆಯ್ಕೆ ತಂತಿಯದ್ದೇ. ಚಾರ್ಜ್ ಮಾಡುವ ಗೋಜಿಲ್ಲ, ಒತ್ತಿದ್ದು ತಕ್ಷಣ ತಲುಪುತ್ತದೆ, ಹತ್ತು ಅಡಿಯ ಹಾಲ್‌ನಲ್ಲಿ ಎರಡು ಮೀಟರ್ ತಂತಿ ಸಾಲದಿದ್ದರೆ ಎಕ್ಸ್‌ಟೆನ್ಷನ್ ಕೇಬಲ್ ನೂರಿನ್ನೂರಕ್ಕೆ ಸಿಗುತ್ತದೆ. ಎರಡನ್ನೂ ಒಂದೇ ಮಾದರಿಯದ್ದು ಕೊಳ್ಳಿ. ಒಂದು ಚೆನ್ನಾಗಿದ್ದು ಇನ್ನೊಂದು ಸಪ್ಪೆಯಾಗಿದ್ದರೆ ಸಪ್ಪೆಯದು ಯಾವಾಗಲೂ ತಂಗಿಯ ಕೈಗೇ ಬರುತ್ತದೆ. ಇದು ನಾನು ಪಠ್ಯಪುಸ್ತಕದಲ್ಲಿ ಓದಿದ್ದಲ್ಲ.

ಟಿವಿಯ ಚಿತ್ರದ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿಕೊಳ್ಳಿ, ಪುಕ್ಕಟೆ ಸಿಗುವ ವೇಗ ಅದು. ಟಿವಿ ಚಿತ್ರವನ್ನು ಚೆಂದ ಮಾಡಲು ತೆಗೆದುಕೊಳ್ಳುವ ಸಮಯ ಉಳಿಯುತ್ತದೆ. ಸ್ಟಿಕ್ ಆಗಾಗ ತಾನೇ ಆರಿ ಹತ್ತುತ್ತಿದ್ದರೆ ಕೆಟ್ಟಿದೆ ಎಂದು ಗಾಬರಿಯಾಗುವ ಮುನ್ನ ವಿದ್ಯುತ್ ಎಲ್ಲಿಂದ ಹೋಗುತ್ತಿದೆ ನೋಡಿ. ಟಿವಿಯ ಹಿಂದಿನ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್, ಇಂಥ ಸ್ಟಿಕ್‌ಗಳು ಕೇಳುವುದು ಒಂದು ಆಂಪಿಯರ್. ಜತೆಗೆ ಬಂದ ಅಡಾಪ್ಟರ್ ಅನ್ನೇ ಗೋಡೆಗೆ ಹಾಕಬೇಕು. ಮಾವಿನ ಕಾಲದ ಗುಡುಗು ಮಳೆ ಶುರುವಾದರೆ ಅದನ್ನೂ ಕಿತ್ತಿಡಬೇಕು, ಕೇಬಲ್‌ನ್ನೂ ಕೂಡ.

ಫೋನ್ ಬಿಡಿಸಿ ಟಿವಿ ಹಿಡಿಸಿದರೆ ಏನು ಬದಲಾಯಿತು ಎಂದು ಅಪ್ಪಂದಿರು ಕೇಳುತ್ತಾರೆ, ಕೇಳಬೇಕಾದ್ದೇ. ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಅಷ್ಟರೊಳಗೆ ಫೋನಿನ ಒಳಗೆ ಯಾರಿಗೂ ಕಾಣದಂತೆ ಎಷ್ಟು ಮನೆಗಳ ದುಡ್ಡು ಹೋಗಿತ್ತೋ. ಹಾಲ್‌ನ ಟಿವಿಯಲ್ಲಿ ಏನು ನಡೆಯುತ್ತಿದೆ ಎಂಬುದು ಅಡುಗೆಮನೆಗೂ ಕಾಣುತ್ತದೆ, ಕೇಳುತ್ತದೆ. ಧಾರಾವಾಹಿಯ ಹೊತ್ತಾದರೆ ಆಟ ತಾನಾಗಿ ನಿಲ್ಲುತ್ತದೆ, ನಿಲ್ಲಿಸುವವರು ಇದ್ದಾರೆ. ಖಾತೆ ಹಾಕುವಾಗಲೇ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಟ್ಟರೆ, ಬಣ್ಣದ ಕಾರಿಗಾಗಿ ಅಪ್ಪನ ಖಾತೆ ಸೋರುವುದೂ ತಪ್ಪುತ್ತದೆ.

ಕೊಂಡ ಮೇಲೆ ಹಿಂದಿರುಗಿಸಲು ಸಾಮಾನ್ಯವಾಗಿ ಏಳೋ ಹತ್ತೋ ದಿನ ಕೊಟ್ಟಿರುತ್ತಾರೆ. ಬಿಲ್, ಡಬ್ಬಿ, ಒಳಗಿನ ಪ್ಲಾಸ್ಟಿಕ್ ಕವರ್ ಸಮೇತ ಅಲ್ಲಿಯವರೆಗೆ ಎತ್ತಿಡಿ. ಪರೀಕ್ಷೆಯನ್ನು ರಾತ್ರಿ ತಂಪಿನಲ್ಲಿ ಮಾಡಬೇಡಿ. ಈ ಪುಟ್ಟ ಡಬ್ಬಿಗಳಲ್ಲಿ ಫ್ಯಾನ್ ಇರುವುದಿಲ್ಲ, ಬಿಸಿಯಾದಂತೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, ಮೊದಲ ಹದಿನೈದು ನಿಮಿಷ ಚೆನ್ನಾಗಿದ್ದ ಆಟ ಆಮೇಲೆ ತೊದಲುತ್ತದೆ. ನಮ್ಮ ಕಡೆ ಶೀಟ್ ಮನೆಯೊಳಗೆ ಏಪ್ರಿಲ್ ಮಧ್ಯಾಹ್ನ ಎಂಥದ್ದು ಎಂದು ಹೇಳಬೇಕಿಲ್ಲ. ಅದೇ ಹೊತ್ತಿನಲ್ಲಿ, ಎರಡು ಜಾಯ್‌ಸ್ಟಿಕ್ ಹಾಕಿ, ಒಂದು ಗಂಟೆ ಬಿಡದೆ ಆಡಿ. ಆಮೇಲೆ ಟಿವಿ ಹಿಂದೆ ಕೈ ಹಾಕಿ ಡಬ್ಬಿ ಮುಟ್ಟಿ ನೋಡಿ. ಬಿಸಿ ಇರುತ್ತದೆ, ಇರಲಿ. ಕೈ ಇಟ್ಟು ಹತ್ತು ಎಣಿಸಲು ಆಗದಷ್ಟು ಸುಟ್ಟರೆ, ಅಥವಾ ಕೊನೆಯ ಸುತ್ತಿನಲ್ಲಿ ಕಾರುಗಳು ನಿಂತು ನಿಂತು ಓಡಿದರೆ, ಅದೇ ಸಂಜೆ ವಾಪಸು ಕಳಿಸಿ.